ತಿದ್ದಿದ ಹದಿನಾಲ್ಕು ನಿಮಿಷ

ಪರ್ಸಿಯಸ್ ಪುಂಜದ ಆಲ್ಗಾಲ್ ತಾರೆಗೆ ಗ್ರಹಣ ಹಿಡಿಯುವುದನ್ನು ನೋಡಲೆಂದು ಹಿಂದೆ ಮಾಗಿಯ ಒಂದಿರುಳು ಮಾಳಿಗೆಯ ಮೇಲೆ ಕುಳಿತಿದ್ದೆನು. 2 ದಿನ 20 ಗಂಟೆ 49 ನಿಮಿಷಗಳಿಗೊಮ್ಮೆ ಅದರ ಕಾಂತಿಯು ಹೆಚ್ಚುಕಡಿಮೆ ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಕತ್ತಲೆಯ ಕಾಯವೊಂದು ಅಡ್ಡ ಬರುವುದೇ ಇದಕ್ಕೆ ಕಾರಣವಿರಬಹುದೆಂದು 1783ರಲ್ಲಿ ಇಂಗ್ಲೆಂಡಿನ ಯಾರ್ಕ್ ನಗರದ ಜಾನ್ ಗುಡ್‌ರಿಕ್ ಸೂಚಿಸಿದನು; ಕಿವಿ ಕೇಳದ ಆ ತರುಣನಿಗೆ ಆಗ ಹದಿನೆಂಟು ವರ್ಷ.

ನನ್ನ ಕಣ್ಣಿಗೆ ತಾರೆಯು ಅತ್ಯಂತ ಮಂಕಾದುದು ಪಟ್ಟಿಯಲ್ಲಿದ್ದ ವೇಳೆಗಿಂತ 14 ನಿಮಿಷ ತಡವಾಗಿ. ತಪ್ಪು ನನ್ನದೇ ಎಂದು ನಾಚಿ, ಟಿಪ್ಪಣಿಯ ಅಂಕೆಯನ್ನು ಪಟ್ಟಿಗೆ ಹೊಂದುವಂತೆ ತಿದ್ದಿದೆನು.

ಕಾಣದ ಮೂರನೆಯ ತಾರೆಯ ಸುಳಿವು ದೊರೆಯುವುದು ಇಂಥ ಹೊಂದದ ನಿಮಿಷಗಳಲ್ಲಿಯೇ ಎಂಬುದು ಬಹುಕಾಲದ ಮೇಲೆ ತಿಳಿಯಿತು. ಮೂರನೆಯದರ ಸೆಳೆತದಿಂದ ಜೋಡಿಯೇ ಒಂದು ಸುತ್ತಿನಲ್ಲಿ ಚಲಿಸುತ್ತ ನಮ್ಮಿಂದ ದೂರ ಸರಿದಾಗ, ಗ್ರಹಣದ ಸುದ್ದಿಯನ್ನು ಹೊತ್ತ ಬೆಳಕು ತಡವಾಗಿ ತಲಪುತ್ತದೆ. ಹತ್ತಿರ ಬಂದಾಗ ಬೇಗ. ಆಲ್ಗಾಲ್‌ನಲ್ಲಿ ಆ ಸುತ್ತು ಸುಮಾರು 680 ದಿನಗಳದು. ಆದರೆ ವೇಳೆ ತಪ್ಪಿದುದೆಲ್ಲ ಸಂಗಾತಿಯ ಕುರುಹಲ್ಲ. 1888ರಲ್ಲಿ ಚಾಂಡ್ಲರ್ ಎಂಬ ಖಗೋಳಜ್ಞರು ಸುಮಾರು 130 ವರ್ಷಗಳ ಸುತ್ತಿನ ಗುಪ್ತಕಾಯವೊಂದನ್ನು ಊಹಿಸಿದರು, ಅದು ನಿಲ್ಲಲಿಲ್ಲ. ಒಂದು ತಾರೆಯ ದ್ರವ್ಯ ಇನ್ನೊಂದಕ್ಕೆ ಹರಿದರೂ ವೇಳೆ ಕದಲುತ್ತದೆ. ಆದುದರಿಂದ ವರ್ಣಪಟಲದ ಗೆರೆಗಳೂ ಅದೇ ಅವಧಿಯಲ್ಲಿ ಓಲಾಡಬೇಕು. 680 ದಿನಗಳ ಸಂಗಾತಿಗೆ ಆ ಸಾಕ್ಷಿಯೂ ಉಂಟು.

ನನ್ನ 14 ನಿಮಿಷ ಬಹುಶಃ ಕಣ್ಣಿನ ದೋಷವೇ. ಬರಿಗಣ್ಣಿಗೆ ಅಷ್ಟು ಸೂಕ್ಷ್ಮ ಸಿಗದು. ಆದರೂ ತಿದ್ದಿದ ಅಂಕೆಯ ಅಡಿಯಲ್ಲಿ ಹಳೆಯದು ಇನ್ನೂ ಓದಲು ಬರುತ್ತದೆ. ಮೊನ್ನೆ ಅದರ ಪಕ್ಕದಲ್ಲಿ ಮೊದಲಿನ ವೇಳೆಯನ್ನೇ ಮತ್ತೆ ಬರೆದೆನು.