ಫೋಟೋ ತೆಗೆಸಿಕೊಂಡು ಬಂದೆವು

ಫೋಟೋ ಎಂದರೆ ನಮ್ಮಂಥ ಗುಮಾಸ್ತರಿಗೆ ಮೂರೂವರೆ ಸೆಂಟಿಮೀಟರು ಅಗಲ, ನಾಲ್ಕೂವರೆ ಸೆಂಟಿಮೀಟರು ಎತ್ತರದ ವ್ಯವಹಾರ. ಅರ್ಜಿಗಳ ಮೂಲೆಯಲ್ಲಿ ಅಂಟಿಕೊಂಡು ಬರುವ ಆ ಮುಖಗಳನ್ನು ದಿನವೂ ನೋಡಿ ನೋಡಿ, ಮನುಷ್ಯರು ಫೋಟೋದಲ್ಲಿ ನಗುವುದೇ ಇಲ್ಲವೆಂದು ನಾವು ನಂಬಿಬಿಟ್ಟಿದ್ದೆವು. ಹೀಗಿರಲು ಕಳೆದ ಜನವರಿಯಲ್ಲಿ ಒಂದು ಫೋಟೋದ ಸಲುವಾಗಿ ಡೊಂಬಿವಲಿಯ ನಮ್ಮ ಮನೆ ಎರಡು ವಾರ ತಲೆಕೆಳಗಾಯಿತು. ನಮಗೆ ಮೊದಲು ಸೋಜಿಗವಾಯಿತು; ಆಮೇಲೆ ಖರ್ಚಿನ ಭಯವಾಯಿತು.

ಇದಕ್ಕೆಲ್ಲ ಕಾರಣ ನಮ್ಮಣ್ಣನ ಮಗಳು. ಅವಳಿಗೆ ಈ ಸಲ 10ನೆಯ ತರಗತಿ. ಪರೀಕ್ಷೆಗೆ ಮುನ್ನ ಶಾಲೆಯಲ್ಲಿ ಬೀಳ್ಕೊಡುಗೆ, ಹುಡುಗಿಯರೆಲ್ಲ ಸೀರೆ ಉಡುವುದು, ಬೆಂಚುಗಳ ಮೇಲೆ ಸಾಲಾಗಿ ನಿಂತು ಗ್ರೂಪ್ ಫೋಟೋ ತೆಗೆಸಿಕೊಳ್ಳುವುದು, ಇವೆಲ್ಲ ಇದ್ದದ್ದೇ. ಅಷ್ಟಕ್ಕೇ ಮುಗಿಯುತ್ತಿತ್ತೋ ಏನೋ. ಆದರೆ ಅತ್ತಿಗೆಯ ಅಕ್ಕನ ಮಗಳು ನ್ಯೂಜೆರ್ಸಿಯಿಂದ ತನ್ನ ಫೋಟೋ ಕಳುಹಿಸಿದಳು. ಅಮೆರಿಕದಲ್ಲಿ ಹೈಸ್ಕೂಲಿನ ಕೊನೆಯ ವರ್ಷದ ಮಕ್ಕಳು ಒಬ್ಬೊಬ್ಬರೇ ಹೀಗೆ ಫೋಟೋ ತೆಗೆಸಿಕೊಳ್ಳುವುದು ವಾಡಿಕೆ. ಶಾಲೆಯ ವಾರ್ಷಿಕ ಪುಸ್ತಕದಲ್ಲಿ ಅದು ಅಚ್ಚಾಗುತ್ತದೆ. ಒಂದನ್ನು ಸ್ಟುಡಿಯೋದಲ್ಲಿ ತೆಗೆಸಿದರೆ ಇನ್ನೊಂದನ್ನು ತಮಗೆ ಬೇಕಾದ ಜಾಗದಲ್ಲಿ ತೆಗೆಸುತ್ತಾರೆ. ಆ ಹುಡುಗಿ ಕೆಂಪೆಲೆಯ ಮರವೊಂದರ ಕೆಳಗೆ ನಿಂತಿದ್ದಳು.

"ನಮ್ಮಲ್ಲಿ ಅಂಥ ಮರ ಎಲ್ಲಿದೆ?" ಎಂದರು ಅತ್ತಿಗೆ.

"ಮರ ಬೇಡ. ಅಜ್ಜ ಓದಿದ ಶಾಲೆಯ ಎದುರು ತೆಗೆಸುವುದು. ಅಜ್ಜನೂ ನನ್ನ ಜೊತೆ ನಿಲ್ಲಬೇಕು," ಎಂದಳು ಹುಡುಗಿ.

ಮನೆ ಒಮ್ಮೆಗೇ ಸುಮ್ಮನಾಯಿತು. ಏಕೆಂದರೆ ಅಪ್ಪನ ಎದುರು ಯಾರೂ ಎತ್ತದ ಮಾತು ಅದು. ಕುಂದಾಪುರದ ಕಡೆಯ ಹಳ್ಳಿಯಿಂದ ಅವರು ಮುಂಬಯಿಗೆ ಬಂದದ್ದು 1967ರಲ್ಲಿ, 13 ವರ್ಷದವರಿದ್ದಾಗ. ಕೋಟೆಯ ಒಂದು ಹೋಟೆಲಿನಲ್ಲಿ ಲೋಟ ತೊಳೆದರು. ಸಂಜೆಯ ಮೇಲೆ ಕನ್ನಡ ರಾತ್ರಿ ಶಾಲೆಗೆ ಹೋದರು. ಈ ಊರಿನಲ್ಲಿ ರಾತ್ರಿ ಶಾಲೆಯ ಋಣ ಎಷ್ಟು ಮನೆಗಳ ಮೇಲಿದೆಯೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿಯವರು 1908ರಷ್ಟು ಹಿಂದೆಯೇ ಅಂಥದೊಂದನ್ನು ತೆರೆದಿದ್ದರು. ಅಪ್ಪ 1974ರಲ್ಲಿ ಎಸ್ಸೆಸ್ಸಿಗೆ ಕೂತರು. ಆಗ ಅದು 11ನೆಯ ತರಗತಿ. ಅವರ ತರಗತಿಯ ಗ್ರೂಪ್ ಫೋಟೋ ನಮ್ಮ ಮನೆಯ ಟ್ರಂಕಿನಲ್ಲಿ ಇಂದಿಗೂ ಇದೆ. ಮೂರು ಸಾಲು ಹುಡುಗರು, ಎಲ್ಲರೂ ಬಿಳಿ ಅಂಗಿಯವರು. ಅದರಲ್ಲಿ ಅಪ್ಪ ಇಲ್ಲ. "ಧಣಿಗಳು ಬಿಡಲಿಲ್ಲ" ಎಂದು ಚಿಕ್ಕಂದಿನಲ್ಲಿ ನಾವು ಕೇಳಿಕೊಂಡು ಬಂದ ಕತೆ.

"ನಂಗೆಂತಕ್ಕೆ ಫೋಟೋ? ನೀವು ಹೋಗಿ ಬನ್ನಿ," ಎಂದರು ಅಪ್ಪ.

"ದಾರಿ ತೋರಿಸಲಿಕ್ಕಾದರೂ ಬನ್ನಿ, ಅಜ್ಜ," ಎಂದಳು ಅವಳು. ಅದಕ್ಕೆ ಅವರಲ್ಲಿ ಉತ್ತರವಿರಲಿಲ್ಲ.

ಇನ್ನು ಸಿದ್ಧತೆ. ಅಮ್ಮ ತಮ್ಮ ಉಡುಪಿ ಸೀರೆಯೊಂದನ್ನು ತೆಗೆದುಕೊಟ್ಟರು. ಸಣ್ಣ ಚೌಕುಳಿಯ ಕೈಮಗ್ಗದ ಹತ್ತಿ ಸೀರೆ. ನಮ್ಮಾಕೆ ಅದಕ್ಕೆ ಗಂಜಿ ಹಾಕಿ, ಇಸ್ತ್ರಿ ಮಾಡಿ, ಯಾರೂ ಮುಟ್ಟಬಾರದೆಂದು ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ನೆರೆಮನೆಯಾಕೆ ಬಂದು ಮುಖಕ್ಕೆ ಹಚ್ಚುವ ಲೇಪಗಳ ಪಟ್ಟಿಯನ್ನೇ ಕೊಟ್ಟರು. ಮುನ್ನಾದಿನ ಹೊಸ ಲೇಪ ಹಚ್ಚಿದರೆ ಮುಖ ಕೆಂಪಾಗಿ ಬಾತುಕೊಂಡೀತೆಂದು ಅತ್ತಿಗೆ ಆ ಪಟ್ಟಿಯನ್ನು ಮಡಿಸಿಟ್ಟರು. ಅದು ಜಾಣತನವೆಂದು ನಮಗೆ ಈಗಲೂ ಅನಿಸುತ್ತದೆ. ಹುಡುಗಿಯ ಓದು ಮಾತ್ರ ಆ ಎರಡು ವಾರ ಎಲ್ಲಿಗೆ ಹೋಗಿತ್ತೋ ದೇವರೇ ಬಲ್ಲ.

ಭಾನುವಾರ ಬೆಳಗ್ಗೆ ಏಳು ಜನ ಹೊರಟೆವು. ಭಾನುವಾರವೆಂದರೆ ಮೆಗಾ ಬ್ಲಾಕ್. ಹಳಿ ರಿಪೇರಿಗಾಗಿ ಗಾಡಿಗಳು ದಾರಿ ಬದಲಿಸಿ, ಇದ್ದಬದ್ದ ಜನರೆಲ್ಲ ಒಂದೇ ಗಾಡಿಯಲ್ಲಿ ತುಂಬಿದ್ದರು. ಸೀರೆಯ ನೆರಿಗೆಗಳನ್ನು ಕಾಪಾಡಲು ಅತ್ತಿಗೆ, ನಮ್ಮಾಕೆ ಇಬ್ಬರೂ ಮಹಿಳೆಯರ ಡಬ್ಬಿಯಲ್ಲಿ ಹುಡುಗಿಯ ಸುತ್ತ ಕೋಟೆ ಕಟ್ಟಿ ನಿಂತಿದ್ದರಂತೆ. ಮಾಟುಂಗಾಕ್ಕೆ ಹೋಗಬೇಕಾದವರು ಸಯನ್‌ನಲ್ಲೇ ಇಳಿದೆವು. ಸಯನ್ನಿನಾಚೆಗೆ ಆಟೋರಿಕ್ಷಾಗಳು ಬರುವುದಿಲ್ಲವಷ್ಟೆ. ಎರಡು ಟ್ಯಾಕ್ಸಿ ಹಿಡಿದೆವು. ಖರ್ಚಿನ ಲೆಕ್ಕ ಅಲ್ಲಿಂದಲೇ ಸುರುವಾಯಿತು.

ಮಾಟುಂಗಾದ ವಿಷಯ ಹೊಸದಾಗಿ ಹೇಳುವುದೇನಿದೆ! ಸ್ಟೇಷನ್ನಿನ ಹೊರಗೆ ಹೂವಿನ ಸಾಲು, ಕಾಫಿಬೀಜದ ಪರಿಮಳ. ಹೂವಿನವನ ಬುಟ್ಟಿಯಲ್ಲಿ ನಮ್ಮೂರ ಶಂಕರಪುರದ ಮಲ್ಲಿಗೆಯೂ ಇತ್ತು. ಊರಿನಲ್ಲಿ 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ದಿನಕ್ಕೊಂದು ದರ. ಇಲ್ಲಿ ಆ ಲೆಕ್ಕವೆಲ್ಲ ಮರೆತು ಮೊಳದಲ್ಲಿ ಅಳೆಯುತ್ತಾರೆ, ಮೊಳವೂ ಹೂವಿನವನ ಕೈಯದೇ. ಅಮ್ಮ ಚೌಕಾಸಿ ಮಾಡದೆ ಕೊಂಡದ್ದು ಅಂದು ಒಂದೇ ದಿನ.

ಮೈಸೂರು ಅಸೋಸಿಯೇಷನ್ ಇರುವ ಭಾವೂ ದಾಜಿ ರಸ್ತೆಯ ಮೇಲೆ ಹಾದು ಹೋದೆವು. 1926ರಲ್ಲಿ ಹುಟ್ಟಿದ ಆ ಸಂಸ್ಥೆಯ ನಾಟಕಗಳನ್ನು ನಾವು ಎಷ್ಟು ಸಲ ನೋಡಿದ್ದೇವೋ! ಆದರೆ ಆ ರಸ್ತೆಗೆ ಹೆಸರು ಕೊಟ್ಟ ಡಾಕ್ಟರರ ತಮ್ಮ ನಾರಾಯಣ ದಾಜಿ ಈ ಊರಿನ ಮೊದಲ ಭಾರತೀಯ ಛಾಯಾಗ್ರಾಹಕರಲ್ಲೊಬ್ಬರೆಂದು ನಮಗೆ ತಿಳಿದದ್ದು ಇತ್ತೀಚೆಗೆ. ಮುಂಬಯಿಯಲ್ಲಿ ಫೋಟೋಗ್ರಾಫಿಕ್ ಸೊಸೈಟಿ 1854ರಷ್ಟು ಹಿಂದೆಯೇ ಆರಂಭವಾಗಿತ್ತು. ಇದನ್ನು ಹುಡುಗಿಗೆ ಹೇಳಹೋದರೆ, "ಚಿಕ್ಕಪ್ಪ, ಕೂದಲು ಹಾರುತ್ತಿದೆ, ಬೇಗ ನಡೆಯಿರಿ" ಎಂದಳು.

ಸ್ಟುಡಿಯೋದ ಯಜಮಾನರು ಸೀರೆಯನ್ನು ನೋಡಿ ಹುಬ್ಬು ಗಂಟಿಕ್ಕಿದರು. ಸಣ್ಣ ಚೌಕುಳಿ ಡಿಜಿಟಲ್ ಕ್ಯಾಮೆರಾಕ್ಕೆ ಆಗದಂತೆ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಚುಕ್ಕೆಗಳು ಸಾಲುಸಾಲಾಗಿರುತ್ತವೆ. ಬಟ್ಟೆಯ ಗೆರೆಗಳೂ ಹೆಚ್ಚುಕಡಿಮೆ ಅಷ್ಟೇ ಸಣ್ಣದಾಗಿ ಅವುಗಳ ಮೇಲೆ ಬಿದ್ದರೆ, ಬಟ್ಟೆಯಲ್ಲಿ ಇಲ್ಲದ ಅಲೆಗಳು ಚಿತ್ರದಲ್ಲಿ ಏಳುತ್ತವೆ. ಅಮ್ಮನ ಮುಖ ಸಣ್ಣದಾಯಿತು. ಅವರು ಅದನ್ನು ಕಂಡರೋ ಏನೋ, ಕ್ಯಾಮೆರಾವನ್ನು ನಾಲ್ಕು ಹೆಜ್ಜೆ ಮುಂದೆ ತಂದರು. ಹತ್ತಿರದಿಂದ ತೆಗೆದರೆ ಚೌಕುಳಿ ದೊಡ್ಡದಾಗಿ ಬೀಳುತ್ತದೆ, ಅಲೆ ಏಳುವುದಿಲ್ಲ. ಹುಡುಗಿಯ ಕನ್ನಡಕದಲ್ಲಿ ದೀಪ ಹೊಳೆಯುತ್ತಿತ್ತು. ಕನ್ನಡಕದ ಕಡ್ಡಿಗಳನ್ನು ಕಿವಿಯಿಂದ ತುಸು ಮೇಲಕ್ಕೆತ್ತಿ ಗಾಜು ಕೆಳಗೆ ಬಾಗುವಂತೆ ಮಾಡಿದೊಡನೆ ಹೊಳಪು ಮಾಯವಾಯಿತು. ಎರಡು ವಾರದ ನಮ್ಮ ಸಿದ್ಧತೆಯಲ್ಲಿ ಈ ಎರಡು ಸಂಗತಿ ಯಾರಿಗೂ ಹೊಳೆದಿರಲಿಲ್ಲ.

ಯಜಮಾನರ ತಂದೆ ನೆಗೆಟಿವಿನ ಮೇಲೆ ಚೂಪು ಪೆನ್ಸಿಲು ಹಿಡಿದು ಮುಖದ ಕಲೆಗಳನ್ನು ತೆಗೆಯುತ್ತಿದ್ದರಂತೆ. ಈ ಮಾತಿಗೆ ಅಪ್ಪ ಬಾಯಿಬಿಟ್ಟರು. ದಾದರಿನಲ್ಲಿ ಜೆ. ಎಚ್. ಠಕ್ಕರ್ 1948ರಲ್ಲಿ ತೆರೆದ ಇಂಡಿಯಾ ಫೋಟೋ ಸ್ಟುಡಿಯೋದ ಸಿನೆಮಾ ತಾರೆಯರ ಚಿತ್ರಗಳನ್ನು ನೋಡಲು ಹೋಟೆಲಿನ ಹುಡುಗರೆಲ್ಲ ಹೋಗುತ್ತಿದ್ದರಂತೆ. "ಒಳಗೆ ಹೋದದ್ದಿಲ್ಲ" ಎಂದು ಸೇರಿಸಿದರು.

ಮಾಟುಂಗಾದಿಂದಾಚೆ ಬ್ಲಾಕ್ ಇರಲಿಲ್ಲ; ಮತ್ತೆ ಗಾಡಿ ಹತ್ತಿದೆವು. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿಗೆ ಅಪ್ಪ ಇನ್ನೂ ಬೋರಿಬಂದರ್ ಎಂದೇ ಹೇಳುವುದು. ಭಾನುವಾರದ ಕೋಟೆ ಎಂಥ ಶಾಂತ! ಕಚೇರಿಯ ದಿನಗಳಲ್ಲಿ ನಾವು ಭುಜ ತಿಕ್ಕಿಕೊಂಡು ನಡೆಯುವ ಕಾಲುದಾರಿಯಲ್ಲಿ ನಾಯಿಯೊಂದು ಕಾಲು ಚಾಚಿ ಮಲಗಿತ್ತು. ಹಾರ್ನಿಮನ್ ಸರ್ಕಲಿನಲ್ಲಿ, 1833ರಲ್ಲಿ ಮುಗಿದ ಟೌನ್ ಹಾಲಿನೆದುರು, ಮದುವೆ ಗೊತ್ತಾದ ಜೋಡಿಗಳು ಫೋಟೋ ತೆಗೆಸಿಕೊಳ್ಳುತ್ತಿದ್ದವು. ಇಲ್ಲೇ ತೆಗೆಸಬಹುದಲ್ಲ ಎಂದ ಅಣ್ಣ. ಯಾರೂ ಕಿವಿಗೊಡಲಿಲ್ಲ.

ಅಪ್ಪ ಮುಂದೆ ಮುಂದೆ ನಡೆದರು. ಎರಡು ಗಲ್ಲಿ ತಿರುಗಿ ಹಳೆಯ ಮೂರಂತಸ್ತಿನ ಕಟ್ಟಡವೊಂದರೆದುರು ನಿಂತರು. ಹಗಲಿನಲ್ಲಿ ಬೇರೆ ಶಾಲೆ, ರಾತ್ರಿ ನಮ್ಮವರ ಶಾಲೆ ಅಲ್ಲಿ ನಡೆಯುತ್ತಿತ್ತು. ಈಗ ಕೆಳಗೆ ಯಾವುದೋ ಕಂಪನಿಯ ಗೋದಾಮು. ಹುಡುಗಿ ಕೇಳಿದಳು: "ಅಜ್ಜ, ಆ ದಿನ ಧಣಿಗಳು ಯಾಕೆ ಬಿಡಲಿಲ್ಲ?"

ಅಪ್ಪ ತುಸು ಹೊತ್ತು ಕಟ್ಟಡವನ್ನೇ ನೋಡುತ್ತಿದ್ದರು. "ಬಿಟ್ಟಿದ್ದರು," ಎಂದರು. "ಭಾನುವಾರ ಹೋಟೆಲು ತೊಳೆಯುವ ದಿನ. ಆದರೂ ಎರಡು ತಾಸು ಬಿಟ್ಟಿದ್ದರು. ಎಲ್ಲರೂ ಬಿಳಿ ಅಂಗಿ ಹಾಕಬೇಕೆಂದು ಮಾಸ್ತರರು ಹೇಳಿದ್ದರು. ನನ್ನ ಹತ್ತಿರ ಇರಲಿಲ್ಲ. ಕೇಳಿದರೆ ಯಾರಾದರೂ ಕೊಡುತ್ತಿದ್ದರು. ಕೇಳಲಿಲ್ಲ. ಆ ಮೂಲೆಯ ತನಕ ಬಂದು ನೋಡಿದೆ. ಬೆಂಚು ಜೋಡಿಸುತ್ತಿದ್ದರು. ತಿರುಗಿ ಹೋದೆ."

ಐವತ್ತು ವರ್ಷ ಆ ಧಣಿಯನ್ನು ನಾವೆಲ್ಲ ಮನಸ್ಸಿನಲ್ಲೇ ಬೈದಿದ್ದೆವು. ಅಮ್ಮನಿಗೂ ಇದು ತಿಳಿದಿರಲಿಲ್ಲ. ಆಕೆ ತಲೆಯ ಸೆರಗು ಸರಿಪಡಿಸಿಕೊಳ್ಳುತ್ತ ಬೇರೆ ಕಡೆ ನೋಡಿದರು. ನಮಗೆ ಆಗ ಹೊಳೆದದ್ದು ಇಷ್ಟು: ಆ ಬೆಳಗ್ಗೆ ಅಪ್ಪ ಹಾಕಿಕೊಂಡು ಹೊರಟದ್ದು ಬಿಳಿ ಅಂಗಿ. ಇಸ್ತ್ರಿಯನ್ನು ತಾವೇ ಮಾಡಿಕೊಂಡಿದ್ದರು, ನಾವ್ಯಾರೂ ಕೇಳಿರಲಿಲ್ಲ.

ಹುಡುಗಿ ಏನೂ ಹೇಳಲಿಲ್ಲ. ಅಜ್ಜನ ಕಾಲರು ನೇರ ಮಾಡಿ, ತನ್ನ ಮುಡಿಯ ಮಲ್ಲಿಗೆಯ ಹೊರಳಿದ ತುದಿಯನ್ನು ಹಿಂದೆ ಸರಿಸಿಕೊಂಡು, ಪಕ್ಕದಲ್ಲಿ ನಿಂತಳು. ಫೋಟೋ ತೆಗೆದದ್ದು ಅಣ್ಣ, ಫೋನಿನಲ್ಲಿ. ಹನ್ನೊಂದು ಸಲ ತೆಗೆದ. ಎಂಟರಲ್ಲಿ ಅಪ್ಪ ಕಣ್ಣು ಮುಚ್ಚಿದ್ದಾರೆ, ಒಂದರಲ್ಲಿ ಗೋದಾಮಿನ ಕಾವಲುಗಾರನ ಕೈ ಅಡ್ಡ ಬಂದಿದೆ. ಎರಡು ಚೆನ್ನಾಗಿವೆ.

ಹೋಗುತ್ತ ಬಲ್ಲಾರ್ಡ್ ಎಸ್ಟೇಟಿನ ಹ್ಯಾಮಿಲ್ಟನ್ ಸ್ಟುಡಿಯೋವನ್ನು ತೋರಿಸಬೇಕೆಂದು ನಮ್ಮ ಆಸೆಯಿತ್ತು. 1928ರಲ್ಲಿ ಸರ್ ವಿಕ್ಟರ್ ಸಸೂನರು ಕಟ್ಟಿದ ಹೆಸರು ಅದು. ಆದರೆ ಎಲ್ಲರಿಗೂ ಹಸಿವು. ಇಡ್ಲಿ ತಿಂದು, ಕಾಫಿ ಕುಡಿದು, ಗಾಡಿ ಹಿಡಿದೆವು.

ಮುಂದಿನ ಶನಿವಾರ ಪ್ರತಿಗಳು ಬಂದವು. ಸ್ಟುಡಿಯೋದ ಚಿತ್ರ ಬಲು ಚೆಂದ. ಚೌಕುಳಿ ಒಂದೊಂದೂ ಎಣಿಸಬಹುದು. ಅಪ್ಪ ಅದನ್ನು ನೋಡಿ ತಲೆದೂಗಿ ಅತ್ತಿಗೆಗೆ ಕೊಟ್ಟರು. ಕೋಟೆಯ ಚಿತ್ರವನ್ನು ಮಾತ್ರ ಕಿಟಕಿಯ ಬಳಿಗೊಯ್ದು ಬಹಳ ಹೊತ್ತು ಹಿಡಿದುಕೊಂಡಿದ್ದರು.

"ಇನ್ನೊಂದು ಕಾಪಿಗೆ ಎಷ್ಟಾಗ್ತದೆ?" ಎಂದು ನಮ್ಮನ್ನು ಕೇಳಿದರು. ಬೈಂದೂರಿನಲ್ಲಿ ಅವರ ಸಹಪಾಠಿಯೊಬ್ಬರಿದ್ದಾರೆ, ಟ್ರಂಕಿನ ಫೋಟೋದಲ್ಲಿ ಮೂರನೆಯ ಸಾಲಿನವರು. ಅವರಿಗೆ ಕಳುಹಿಸಬೇಕಂತೆ.