ಕುಶಾಲನಗರ: ಜೀಪು ಹೊರಡೋ ಮುಂಚೆ

ಕೊಡಗಿಗೆ ವೀಕೆಂಡ್ ಟ್ರಿಪ್ ಹೊರಟವರಿಗೆ ಕುಶಾಲನಗರ ಅಂದ್ರೆ ಟೀ ಬ್ರೇಕು, ಅಷ್ಟೆ. ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ನೋಡಿ, ಕೊಪ್ಪದ ಹತ್ತಿರ ಕಾವೇರಿ ಸೇತುವೆ ದಾಟಿ, ನಿಸರ್ಗಧಾಮದಲ್ಲಿ ನಾಲ್ಕು ಸೆಲ್ಫಿ ತೆಗೆದು ಸೀದಾ ಮಡಿಕೇರಿಗೆ. ಬ್ರಿಟಿಷರ ಕಾಲದ ಫ್ರೇಜರ್‌ಪೇಟೆ ಇದೇ ಅನ್ನೋದೂ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಜನವರಿಯಲ್ಲಿ ನಾನು ಇಲ್ಲೇ ಮೂರು ದಿನ ಉಳಿದೆ. ಯಾವ ಟೂರಿಸ್ಟ್ ಲಿಸ್ಟಲ್ಲೂ ಇಲ್ಲದ ಒಂದು ಜಾಗ ಹೇಳ್ತೀನಿ: ಮಡಿಕೇರಿ ರಸ್ತೆಯ ಬದಿ, ಬೆಳಿಗ್ಗೆ ಆರೂವರೆಯಿಂದ ಏಳೂವರೆ. ಕಾಫಿ ಕುಯ್ಲಿನ ಕಾಲ. ಸುಂಟಿಕೊಪ್ಪ, ಸಿದ್ದಾಪುರ ಕಡೆಯ ತೋಟಗಳಿಗೆ ಹೋಗೋ ಜೀಪುಗಳು ಬಂದು ನಿಲ್ಲುತ್ತವೆ. ಸೀರೆ ಮೇಲೊಂದು ಗಂಡಸರ ಶರ್ಟು, ತಲೆಗೆ ಟವೆಲ್ಲು, ಕೈಯಲ್ಲಿ ಬುತ್ತಿ ಹಿಡಿದ ಹೆಂಗಸರು ಹತ್ತುತ್ತಾರೆ. ಆರು ಜನ ಕೂರೋ ಜಾಗದಲ್ಲಿ ಎಷ್ಟು ಜನ ಅಂತ ಎಣಿಸೋಕೆ ಹೋಗಬೇಡಿ.

ಒಬ್ಬರನ್ನ ಮಾತಾಡಿಸಿದೆ. ಎದ್ದಿದ್ದು ಎಷ್ಟೊತ್ತಿಗೆ? "ನಾಲ್ಕಕ್ಕೆ." ಕೆಲಸ ಶುರುವಾಗೋದು? "ಎಂಟಕ್ಕೆ." ಹಾಗಾದ್ರೆ ನಡುವಿನ ನಾಲ್ಕು ಗಂಟೆ? "ಅದು ಮನೇದಲ್ವಾ, ಕೆಲಸ ಏನು ಬಂತು" ಅಂದ್ರು. ಚಿಕ್ಕ ಮಗುನ ದೊಡ್ಡವಳು ನೋಡ್ಕೋತಾಳಂತೆ. ದೊಡ್ಡವಳಿಗೆ ಹನ್ನೊಂದು ವರ್ಷ. ಸ್ಕೂಲು? "ಹಣ್ಣು ಕುಯ್ಯೋ ಟೈಮಲ್ಲಿ ಆಗಾಗ ತಪ್ಪುತ್ತೆ." ಜೀಪು ಹೊರಟಿತು.

ದೇಶದಲ್ಲಿ ಅತಿ ಹೆಚ್ಚು ಕಾಫಿ ಬೆಳೆಯೋ ಜಿಲ್ಲೆ ಕೊಡಗು. ಭಾರತದ ಕಾಫಿಯ ಬಹುಪಾಲು ಹೊರದೇಶಕ್ಕೆ ಹೋಗುತ್ತೆ, ಇಟಲಿಯೇ ದೊಡ್ಡ ಗಿರಾಕಿ. ಆಕೆ ಕುಯ್ದ ಹಣ್ಣನ್ನು ಸಂಜೆ ಕೆಜಿ ಲೆಕ್ಕದಲ್ಲಿ ತೂಗುತ್ತಾರೆ. ಆಮೇಲೆ ಕ್ಯೂರಿಂಗ್ ವರ್ಕ್ಸ್, ಹಡಗು, ರೋಸ್ಟರಿ, ಎಲ್ಲ ಕಡೆ ಒಂದೊಂದು ಬಿಲ್ಲು. ಆದ್ರೆ ತಂಗಿಯನ್ನ ಸೊಂಟಕ್ಕೇರಿಸಿಕೊಂಡ ಆ ಹನ್ನೊಂದರ ಹುಡುಗಿ ಯಾವ ಬಿಲ್ಲಲ್ಲೂ ಇಲ್ಲ. ಅವಳು ಮನೇಲಿ ಇರದಿದ್ರೆ ಅಮ್ಮ ಜೀಪು ಹತ್ತೋಕೇ ಆಗ್ತಿರಲಿಲ್ಲ.

ಕಾನೂನು ಇಲ್ಲ ಅಂತಲ್ಲ. 1951ರ ಪ್ಲಾಂಟೇಷನ್ ಲೇಬರ್ ಆಕ್ಟ್‌ನಲ್ಲೇ 50 ಅಥವಾ ಹೆಚ್ಚು ಹೆಂಗಸರು ದುಡಿಯೋ ತೋಟದಲ್ಲಿ ಶಿಶುವಿಹಾರ ಇರಬೇಕು ಅಂತಿತ್ತು. ಆದ್ರೆ ನಮ್ಮ ಕಾಫಿ ಬೆಳೆಗಾರರಲ್ಲಿ ಹೆಚ್ಚಿನವರು ಸಣ್ಣ ಹಿಡುವಳಿದಾರರು. ಇವತ್ತು ಈ ತೋಟ, ನಾಳೆ ಆ ತೋಟ ಅಂತ ಹೋಗೋ ಜೀಪಿನ ಹೆಂಗಸರಿಗೆ ಐವತ್ತರ ಲೆಕ್ಕ ಎಲ್ಲಿ ತುಂಬಬೇಕು? ರಾಜ್ಯ ಸರ್ಕಾರ 2023ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ 'ಕೂಸಿನ ಮನೆ' ಘೋಷಿಸಿತು, ನರೇಗಾ ಕೆಲಸಕ್ಕೆ ಹೋಗೋ ತಾಯಂದಿರ ಮಕ್ಕಳಿಗಾಗಿ. ಒಳ್ಳೇದೇ. ಆದ್ರೆ ಇಲ್ಲಿ ಬೇಕಿರೋದು ಬೆಳಿಗ್ಗೆ ಆರಕ್ಕೇ ಬಾಗಿಲು ತೆಗೆಯೋ, ಕೂಲಿ ಯಾರ ತೋಟದ್ದು ಅಂತ ಕೇಳದ ಕೂಸಿನ ಮನೆ.

ಸೇತುವೆಯಾಚೆ ಬೈಲಕುಪ್ಪೆಯಲ್ಲೂ ಕತೆ ದೂರದ್ದೇನಲ್ಲ. 1961ರಲ್ಲಿ ಶುರುವಾದ ಟಿಬೆಟನ್ ಕಾಲೊನಿ ಅದು. ಚಳಿಗಾಲ ಬಂದ್ರೆ ಎಷ್ಟೋ ಕುಟುಂಬಗಳು ದೂರದ ಊರುಗಳಿಗೆ ಸ್ವೆಟರ್ ಮಾರೋಕೆ ಹೋಗ್ತವೆ. ನಮ್ಮೂರ ಫುಟ್‌ಪಾತಲ್ಲಿ ಚೌಕಾಸಿ ಮಾಡಿ ಕೊಳ್ತೀವಲ್ಲ, ಅದೇ. ಮನೆ ಕಾಯೋದು, ಮೊಮ್ಮಕ್ಕಳನ್ನ ನೋಡೋದು ಅಜ್ಜಿಯರ ಪಾಲು.

ಇನ್ನು ನಾನಿದ್ದ ಹೋಮ್‌ಸ್ಟೇ. ಅಕ್ಕಿ ರೊಟ್ಟಿ ಅಂದ್ರೆ ಅಲ್ಲಿಯದ್ದು! ಮಾಡೋ ಆಂಟಿಗೆ ಅರವತ್ತರ ಹತ್ತಿರ. ಒಂದೇ ಹಿಟ್ಟು, ಒಂದೇ ಕಾವಲಿ. ನನ್ನ ತಟ್ಟೆಗೆ ಬಿದ್ದ ರೊಟ್ಟಿ ಜಿಡಿಪಿಗೆ ಸೇರುತ್ತೆ, ಅವರ ಯಜಮಾನರ ತಟ್ಟೆಗೆ ಬಿದ್ದಿದ್ದು ಸೇರಲ್ಲ. ದೇಶದ ಆದಾಯ ಎಣಿಸೋ ವಿಶ್ವಸಂಸ್ಥೆಯ ನಿಯಮವೇ ಹಾಗಿದೆ: ಮನೆಗೆ ನೀರು ಹೊತ್ತು ತಂದ್ರೆ ಉತ್ಪಾದನೆ, ಆ ನೀರಲ್ಲಿ ಮನೆಯವರಿಗೆ ಅನ್ನ ಮಾಡಿದ್ರೆ ಅಲ್ಲ. ಈ ಲೆಕ್ಕವನ್ನ ನ್ಯೂಜಿಲೆಂಡಿನ ಮರ್ಲಿನ್ ವೇರಿಂಗ್ 1988ರಲ್ಲೇ ಪುಸ್ತಕ ಬರೆದು ಪ್ರಶ್ನಿಸಿದ್ದರು. ಒಳಕೋಣೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಇದ್ದಾರೆ. ಹೋಮ್ ನರ್ಸ್ ಇಡೋಣ ಅಂತ ವಿಚಾರಿಸಿದ್ರಂತೆ, ರೇಟು ಕೇಳಿ ಸುಮ್ಮನಾದ್ರಂತೆ. ಅಂದ್ರೆ ಆ ಕೆಲಸಕ್ಕೆ ರೇಟು ಇದೆ. ಸೊಸೆ ಮಾಡಿದಾಗ ಮಾತ್ರ ಇಲ್ಲ.

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ನೋಡಿ. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ಕೊಡೋದು ದಿನಕ್ಕೆ ಸರಾಸರಿ 289 ನಿಮಿಷ, ಮಾಡುವ ಗಂಡಸರು 88. ಆರು ವರ್ಷ ಮೇಲ್ಪಟ್ಟ ಎಲ್ಲರೂ ಅದರಲ್ಲಿ ಬರ್ತಾರೆ, ಅಂದ್ರೆ ಹನ್ನೊಂದರ ಹುಡುಗಿಯರೂ. ಫೋನ್ ತೆಗೆದು ಗೃಹಲಕ್ಷ್ಮಿಯ 2,000 ರೂಪಾಯಿಯನ್ನ ಆ ನಿಮಿಷಗಳಿಗೆ ಭಾಗಿಸಿದೆ: ಗಂಟೆಗೆ ಹದಿನಾಲ್ಕು ರೂಪಾಯಿ ಚಿಲ್ಲರೆಯೂ ಬರಲ್ಲ. ಅದನ್ನ ಸಂಬಳ ಅಂತ ಯಾರೂ ಕರೆದಿಲ್ಲ, ನಿಜ. ಆಂಟಿಗೆ ಹೇಳಿದ್ರೆ, "ಅತ್ತೆ ಮಾತ್ರೆಗೆ ಆಗುತ್ತಲ್ಲ, ಬಿಡು" ಅಂದ್ರು. ಮೊದಲು ಆ ದುಡ್ಡನ್ನೂ ಮಗನ ಹತ್ತಿರ ಕೇಳಬೇಕಿತ್ತಂತೆ. ಹಾಗಾಗಿ ಆ ಎರಡು ಸಾವಿರವನ್ನ ಆಡಿಕೊಳ್ಳೋರ ಜೊತೆ ನಾನಿಲ್ಲ.

ಹೋಗೋದಾದ್ರೆ ಮೈಸೂರಿಂದ ಬಸ್ಸು ಬೇಕಾದಷ್ಟಿವೆ, ಎರಡೂವರೆ ಗಂಟೆಯೊಳಗೆ ತಲುಪಬಹುದು. ಕುಯ್ಲಿನ ಕಾಲ ಡಿಸೆಂಬರಿಂದ ಮಾರ್ಚ್.

ಹೊರಡುವಾಗ ಬಿಲ್ಲನ್ನ ಆಂಟಿ ಕೈಗೇ ಕೊಡಬೇಕು ಅಂತ ಅಡುಗೆಮನೆಗೆ ಹೋದೆ. ಅವರು ನಕ್ಕು, ಹಿಟ್ಟಿನ ಕೈಯಲ್ಲೇ ಗೋಡೆ ಮೇಲಿದ್ದ ಕ್ಯೂಆರ್ ಕೋಡ್ ತೋರಿಸಿದರು. ಸ್ಕ್ಯಾನ್ ಮಾಡಿದೆ. ಮಗನ ಹೆಸರು ಬಂತು.