ಎಲೆ ಇಲ್ಲದ ಮರದ ಫೋಟೊ

ಪತ್ರಿಕೋದ್ಯಮ ಓದುವಾಗ ನಾವು ನಾಲ್ವರು ಕಲಬುರಗಿಯಿಂದ ಬಸ್ ಹತ್ತಿ ಕಮಲಾಪುರದ ಕಡೆ ಬರದ ಸುದ್ದಿ ಮಾಡಲು ಹೋಗಿದ್ದೆವು. ತೊಗರಿ ರಾಶಿ ಮುಗಿದ ಹೊತ್ತು. ಹೊಲದ ಬದುವಿನಲ್ಲಿ ಒಂದೂ ಎಲೆಯಿಲ್ಲದ ಸೊಟ್ಟ ಮರ ಕಂಡಿತು. ಫೋಟೊ ತೆಗೆದು, 'ಬರಕ್ಕೆ ಒಣಗಿದ ಮರ' ಎಂದು ಬರೆದು ಕಾಲೇಜಿನ ಪತ್ರಿಕೆಗೆ ಕೊಟ್ಟೆವು. ಅಚ್ಚೂ ಆಯಿತು.

ಹೋಳಿ ಹುಣ್ಣಿಮೆಯ ಮುಂದೆ ಅದೇ ದಾರಿಯಲ್ಲಿ ಹೋದಾಗ ಮರದ ತುಂಬ ಕೆಂಪು ಹೂ. ಮುತ್ತಲ! ನಮ್ಮ ಮನೆಗಳಲ್ಲೇ ಪತ್ರೋಳಿ ಹಚ್ಚುವ ಎಲೆಯ ಮರ. ಎಲೆ ಇದ್ದಿದ್ದರೆ ನಾವೂ ಗುರುತು ಹಿಡಿಯುತ್ತಿದ್ದೆವು. ಹೊಲದ ಆಯಿಗೆ ಹಳೆಯ ಫೋಟೊ ತೋರಿಸಿದೆವು. "ಸತ್ತದ ಅಂತ ಬರದೀರೇನ್ ತಮ್ಮಾ? ಟೊಂಗಿ ಮ್ಯಾಗಿನ ಮೊಗ್ಗಿ ಕಾಣಲಿಲ್ಲೇನು?" ಫೋಟೊ ದೊಡ್ಡದು ಮಾಡಿ ನೋಡಿದರೆ ಹೌದು, ಟೊಂಗೆಗಳ ತುದಿಯಲ್ಲಿ ಸಣ್ಣ ಕಪ್ಪು ಮೊಗ್ಗು.

ಅಂದಿನಿಂದ ಎಲೆ ಬಿಟ್ಟು ಉಳಿದದ್ದನ್ನು ನೋಡುವುದು ಕಲಿತೆವು. ಬಾಗೆ ಮರದಲ್ಲಿ ಬಿಳಿಚಿದ ಚಪ್ಪಟೆ ಕಾಯಿ ಗಾಳಿಗೆ ಗಲಗಲ ಅನ್ನುತ್ತದೆ. ಕಕ್ಕೆಯಲ್ಲಿ ಕೋಲಿನಂಥ ಕರಿ ಕಾಯಿ ಜೋತುಬಿದ್ದಿರುತ್ತದೆ. ಬೂರುಗಕ್ಕೆ ಕಾಂಡದಲ್ಲೇ ಮುಳ್ಳು. 2011ರಲ್ಲಿ ವನ್ಯಧಾಮವಾದ ಚಿಂಚೋಳಿ ಕಾಡಿನ ಅಂಚಿನಲ್ಲಿ ಸಾಗವಾನಿ ಸಿಕ್ಕರೆ, ಕಾಗದದ ಬುಡ್ಡಿಯಂಥ ಅದರ ಕಾಯಿ ಬುಡದಲ್ಲೇ ಬಿದ್ದಿರುತ್ತದೆ.

ಸತ್ತಿದೆಯೋ ಬದುಕಿದೆಯೋ ತಿಳಿಯಲು ಉಗುರು ಸಾಕು. ಎಳೆ ಟೊಂಗೆಯ ತೊಗಟೆ ಕೆರೆದರೆ ಒಳಗೆ ಹಸಿರು ಕಾಣಬೇಕು. ನೀರು ಉಳಿಸಿಕೊಳ್ಳಲು ಎಲೆ ಉದುರಿಸುವುದು ಬದುಕಿರುವ ಮರದ ಕೆಲಸ. ಕಡಿದು ಬೇಲಿಗೆ ಹಾಕಿದ ಟೊಂಗೆ ನೋಡಿ, ಎಲೆ ಒಣಗಿ ಅಲ್ಲೇ ನೇತಾಡುತ್ತದೆ. ಬೇವಿಗೆ ತುದಿ ಒಣಗುವ ರೋಗ ಬಂದಾಗಲೂ ಹೀಗೆಯೇ: ಟೊಂಗೆ ತುದಿಯಲ್ಲಿ ಕಂದು ಎಲೆ ಅಂಟಿಕೊಂಡಿರುತ್ತದೆ. ಯುಗಾದಿಗೆ ಮೊದಲು ಹಳದಿಯಾಗಿ ಉದುರಿ ಬೋಳಾದ ಬೇವಿನ ಕತೆ ಬೇರೆ.

ಇದು ಗೊತ್ತಿಲ್ಲದೆ ನಮ್ಮಲ್ಲೊಬ್ಬರ ಊರಿನಲ್ಲಿ ರೋಗ ಬಂತೆಂದು ಒಂದು ಬೇವು ಕಡಿದರು. ಕೆಳಗೆ ಬಿದ್ದ ಟೊಂಗೆಗಳಲ್ಲಿ ಕೆಂಪು ಚಿಗುರು ಆಗಲೇ ಮೊಳೆತಿತ್ತು. 1976ರ ಮರ ಸಂರಕ್ಷಣಾ ಕಾಯ್ದೆಯಲ್ಲೂ ಮರ ಸತ್ತಿದೆ ಎನ್ನುವುದು ಕಡಿಯಲು ಅನುಮತಿ ಸಿಗುವ ಕಾರಣಗಳಲ್ಲೊಂದು. 'ಒಣಗಿದ ಮರ' ಎಂದು ನಾವು ಎಷ್ಟು ಸಲೀಸಾಗಿ ಬರೆದುಬಿಟ್ಟಿದ್ದೆವು!

ಕಾಲೇಜಿನ ಪತ್ರಿಕೆಯಲ್ಲಿ ತಿದ್ದುಪಡಿ ಹಾಕಲು ಆಗಲಿಲ್ಲ, ಆ ಹೊತ್ತಿಗೆ ಆ ವರ್ಷದ ಕೊನೆಯ ಸಂಚಿಕೆ ಮುಗಿದಿತ್ತು. ಇಲ್ಲಿ ಹಾಕುತ್ತಿದ್ದೇವೆ: ಕಮಲಾಪುರದ ಬದುವಿನ ಆ ಮರ ಮುತ್ತಲ, ಬದುಕಿದೆ.